ಎಪ್ಪತ್ತೈದು ಗೀಟು

ಮಗುವಿನ ಹೊಟ್ಟೆ ತುಂಬಿತೋ ಇಲ್ಲವೋ ಎಂಬ ಚಿಂತೆ ನನಗೆ ಮೊದಲಿನಿಂದಲೂ ಇದೆ. ಭಾನುವಾರದಿಂದ ಇನ್ನೊಂದು ಅಂಟಿಕೊಂಡಿದೆ: ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೇನಲ್ಲ!

ನನ್ನ ಚಿಕ್ಕಮ್ಮ ಬಸ್ ಕಂಡಕ್ಟರ್. ಇಪ್ಪತ್ತೆರಡು ವರ್ಷದಿಂದ ಕಿಕ್ಕಿರಿದ ಬಸ್ಸಿನಲ್ಲಿ ತಲೆ ಎಣಿಸುತ್ತಿರುವವಳು. ನಡುವೆ ಯಾರಾದರೂ ಜಗಳ ತೆಗೆದರೆ ಜಗಳವನ್ನೂ ಮುಗಿಸಿ, ಎಣಿಕೆಯನ್ನು ಬಿಟ್ಟಲ್ಲಿಂದಲೇ ಮುಂದುವರಿಸುತ್ತಾಳೆ. ರಜೆಯ ದಿನ ಚೆಸ್ ಪಂದ್ಯಗಳ ತೀರ್ಪುಗಾರಳು. ಪರೀಕ್ಷೆ ಪಾಸು ಮಾಡಿ ಚೆಸ್ ಸಂಘದ ತೀರ್ಪುಗಾರರ ಪಟ್ಟಿ ಸೇರಿದವಳು.

ಭಾನುವಾರ ದೇಶದ ಮೊದಲಿಬ್ಬರು ಆಟಗಾರ್ತಿಯರ ರ‍್ಯಾಪಿಡ್ ಫೈನಲ್. ನಾನು ಮಗುವನ್ನು ಎತ್ತಿಕೊಂಡು ಮೊದಲ ಸಾಲಿನಲ್ಲಿ ಕುಳಿತಿದ್ದೆ. ಕೊನೆಗೆ ಒಬ್ಬಳ ಬಳಿ ಆನೆ, ಒಂಟೆ. ಇನ್ನೊಬ್ಬಳ ಬಳಿ ಬರೀ ಆನೆ. ಯಾವ ಕಾಯಿಯೂ ಬೀಳದೆ, ಕಾಲಾಳು ಕದಲದೆ ಇಬ್ಬರೂ ತಲಾ ಎಪ್ಪತ್ತೈದು ನಡೆ ಆಡಿದರೆ ತೀರ್ಪುಗಾರರೇ ಆಟ ನಿಲ್ಲಿಸಿ ಡ್ರಾ ಎನ್ನಬೇಕು. ಅವಸರದ ಆಟ, ಆಟಗಾರ್ತಿಯರಿಗೆ ಎಣಿಸಲು ಪುರಸೊತ್ತೆಲ್ಲಿ? ಚಿಕ್ಕಮ್ಮನ ತುಟಿ ಅಲುಗತೊಡಗಿತು. ನನ್ನ ಕೈಯೂ ಸುಮ್ಮನಿರಲಿಲ್ಲ. ಮಗು ಹಾಲು ಕುಡಿದದ್ದು, ಕಕ್ಕ ಮಾಡಿದ್ದು ಎಲ್ಲ ಬರೆದಿಡುವ ಪುಸ್ತಕದಲ್ಲಿ, ಇಬ್ಬರದೂ ಒಂದೊಂದು ನಡೆ ಆದಾಗಲೆಲ್ಲ ಒಂದು ಗೀಟು ಎಳೆದೆ.

ಎಪ್ಪತ್ತೈದಾಗುತ್ತಲೇ ಚಿಕ್ಕಮ್ಮ ಗಡಿಯಾರ ನಿಲ್ಲಿಸಿದಳು. "ಡ್ರಾ."

ಒಂಟೆಯವಳ ಕೋಚ್ ಹಾರಾಡಿದ. "ಇನ್ನೆರಡು ನಡೇಲಿ ಗೆಲ್ತಿದ್ಲು! ತಪ್ಪು ಎಣಿಸಿದ್ದೀರಿ. ಟಿಕೆಟ್ ಹರಿಯೋರಿಗೆ ಚೆಸ್ ಏನ್ರೀ ಗೊತ್ತು?"

"ಕೂಗಾಡಿದ್ರೆ ಸ್ಟಾಪು ಹಿಂದಕ್ಕೆ ಬರಲ್ಲ ಸ್ವಾಮಿ. ಇಳೀರಿ," ಎಂದಳು ಚಿಕ್ಕಮ್ಮ.

ಕೋಚ್ ಸಂಘಕ್ಕೆ ದೂರು ಕೊಟ್ಟ. ಕ್ಯಾಮೆರಾ ಹಿಡಿದದ್ದು ಆಟಗಾರ್ತಿಯರ ಮುಖವನ್ನು, ಹಲಗೆಯನ್ನಲ್ಲ; ಎಣಿಕೆಗೆ ಸಾಕ್ಷಿಯಿಲ್ಲ. ಇವತ್ತು ಸಂಜೆಯೊಳಗೆ ತಪ್ಪಾಯಿತೆಂದು ಬರೆದುಕೊಡದಿದ್ದರೆ ಸಂಘದವರು ತೀರ್ಪುಗಾರರ ಪಟ್ಟಿಯಿಂದ ಚಿಕ್ಕಮ್ಮನ ಹೆಸರು ಹೊಡೆದುಹಾಕುತ್ತಾರಂತೆ.

"ಬರೆಯಲ್ಲ ಕಣೆ. ಸರಿಯಾಗಿ ಎಣಿಸಿದ್ದಕ್ಕೆ ಕ್ಷಮೆ ಯಾಕೆ ಕೇಳ್ಲಿ?"

ನನ್ನ ಗೀಟಿನ ವಿಷಯ ಅವಳಿಗೂ ಹೇಳಿರಲಿಲ್ಲ. ಗಂಡನಿಗೆ ಹೇಳಿದರೆ ನಕ್ಕುಬಿಟ್ಟರು. "ಆ ಕಕ್ಕದ ಜಾತಕ ಹಿಡ್ಕೊಂಡು ಸಂಘದವರ ಮುಂದೆ ನಿಲ್ತೀಯಾ? ಮಾನ ಹೋಗುತ್ತೆ. ಇಲ್ಲದ ಉಸಾಬರಿ ನಿನಗ್ಯಾಕೆ?"

ಪುಸ್ತಕ ತೆರೆದೆ. ಮೇಲೆ 'ಹನ್ನೊಂದು ಇಪ್ಪತ್ತು, ಹಸಿರು, ನೀರುನೀರು'. ಕೆಳಗೆ ಐದೈದು ಗೀಟಿನ ಹದಿನೈದು ಕಟ್ಟು. ಒಂದು ಕಡಿಮೆಯಾಗಿದ್ದರೆ? ಮೂರು ಸಲ ಎಣಿಸಿದೆ. ಎಪ್ಪತ್ತೈದೇ. ಎಣಿಸಲು ಬರುವವಳನ್ನು ಸುಳ್ಳುಗಾತಿ ಮಾಡಿದ ಮೇಲೆ ಉಳಿಯುವ ಮಾನ ಯಾರಿಗೆ ಬೇಕು!

ಮಗುವನ್ನು ಸೊಂಟಕ್ಕೇರಿಸಿ ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿದೆ.

"ಸಾರ್, ಆ ಎಪ್ಪತ್ತೈದು ನಡೆ ನಾನೂ ಎಣಿಸಿದ್ದೀನಿ. ಬರೆದಿಟ್ಟಿದ್ದೀನಿ."

"ಯಾವುದರಲ್ಲಿ ಬರೆದಿದ್ದೀರಮ್ಮಾ?"

ಮಗುವನ್ನು ಇನ್ನೊಂದು ಪಕ್ಕಕ್ಕೆ ಬದಲಿಸಿದೆ. "ಮಗು ಕಕ್ಕ ಮಾಡಿದ್ದು ಬರೆಯೋ ಪುಸ್ತಕದಲ್ಲಿ ಸಾರ್. ಈಗಲೇ ತರ್ತೀನಿ. ಮೂಗು ಮುಚ್ಕೊಂಡಾದ್ರೂ ಓದಿ."