ತಿರುಗಿ ಹೋದ ಲೇಖನ

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಒಂದು ಕಂಪನಿಯಲ್ಲಿ ಟೈಪಿಸ್ಟ್ ಆಗಿದ್ದೆ. ಶನಿವಾರ ಮಧ್ಯಾಹ್ನ ಗೋರೆಗಾಂವದಲ್ಲಿದ್ದ ಕನ್ನಡ ಪ್ರಾಧ್ಯಾಪಕರೊಬ್ಬರ ಮನೆಗೆ ಹೋಗುತ್ತಿದ್ದೆ. ಅವರು ನಡೆಸುತ್ತಿದ್ದ ಸಂಶೋಧನಾ ತ್ರೈಮಾಸಿಕಕ್ಕೆ ಬಂದ ಲೇಖನಗಳನ್ನು ಪರಿಶೀಲಕರಿಗೆ ಕಳಿಸುವುದು, ಅವರ ಅಭಿಪ್ರಾಯವನ್ನು ಲೇಖಕರಿಗೆ ತಿಳಿಸುವುದು ನನ್ನ ಕೆಲಸ.

ಒಮ್ಮೆ ವಿಕ್ರೋಳಿಯಿಂದ ಒಂದು ಲೇಖನ ಬಂತು. ಬರೆದವರು ವಿಜಾಪುರದ ಕಡೆಯ ಮುಸ್ಲಿಂ ದರ್ಜಿ. ಅವರ ತಾಯಿಯ ಬೀಸುವ ಹಾಡುಗಳಲ್ಲಿ ಒಂದು ಸಾಲು ದಖನಿ ಉರ್ದುವಾದರೆ ಮುಂದಿನದು ಕನ್ನಡ. ತವರು ನೆನೆಯುವಾಗ ದಖನಿ, ನೆರೆಮನೆಯವಳೊಡನೆ ದುಃಖ ಹೇಳಿಕೊಳ್ಳುವಾಗ ಕನ್ನಡ ಎಂದು ಅವರು ತೋರಿಸಿಕೊಟ್ಟಿದ್ದರು. ನಾನು ಎರಡು ಸಲ ಓದಿದೆ.

ಪರಿಶೀಲಕರು ಎರಡೇ ಸಾಲು ಬರೆದರು: ಲೇಖಕರಿಗೆ ಪದವಿಯಿಲ್ಲ, ಆಧಾರ ಗ್ರಂಥಗಳಿಲ್ಲ. ಅದನ್ನೇ ನಕಲು ಮಾಡಿ ಲೇಖನವನ್ನು ತಿರುಗಿ ಕಳಿಸಿದೆ. ನನಗೆ ಹಿಡಿಸಿತು ಎಂಬ ಒಂದು ಮಾತನ್ನೂ ಸೇರಿಸಲಿಲ್ಲ.

ಮುಂದಿನ ಶನಿವಾರ ಆ ದರ್ಜಿಯೇ ಪ್ರಾಧ್ಯಾಪಕರ ಮನೆಗೆ ಬಂದರು.

“ಅಕ್ಕಾರ, ಆಧಾರ ಅಂದ್ರ ಏನ್ರಿ? ನಮ್ಮವ್ವ ಹಾಡ್ಯಾಳ, ನಾ ಬರಕೊಂಡೀನಿ. ಆಕಿ ಹೆಸರು ಹಾಕಿದ್ರ ನಡಿಯಾಂಗಿಲ್ಲೇನ್ರಿ?”

“ಎಲ್ಲ್ಯರ ಅಚ್ಚಾಗಿರಬೇಕಂತ್ರಿ,” ಅಂದೆ.

“ಅಚ್ಚಾಗ್ಲಿ ಅಂತನ ನಿಮ್ಮ ಕಡೆ ಕಳಿಸಿದ್ದೆನ್ರಿ.”

ಚಹಾ ಮಾಡುತ್ತೇನೆಂದೆ. ಲೋಕಲ್ ರೈಲಿಗೆ ಹೊತ್ತಾಯಿತೆಂದು ಹೊರಟುಹೋದರು.

ಆ ಮಾತು ನನ್ನನ್ನು ಬಿಡಲಿಲ್ಲ. ಲೇಖಕರ ಹೆಸರು, ಪದವಿ ಮರೆಮಾಡಿ ಪರಿಶೀಲನೆಗೆ ಕಳಿಸಬೇಕು, ಹಾಡಿದವರ ಹೆಸರೂರು ಕೊಟ್ಟರೆ ಅದನ್ನೂ ಆಧಾರವೆಂದು ಎಣಿಸಬೇಕು ಎಂದು ಪ್ರಾಧ್ಯಾಪಕರೊಂದಿಗೆ ವಾದಿಸುತ್ತಲೇ ಇದ್ದೆ. ಅವರು ಒಪ್ಪುವುದಕ್ಕೆ ಎರಡು ವರ್ಷ ಹಿಡಿಯಿತು. ಒಪ್ಪಿದ ವಾರವೇ ವಿಕ್ರೋಳಿಯಲ್ಲಿ ದರ್ಜಿಯಿದ್ದ ಚಾಳಿಗೆ ಹೋದೆ.

ದರ್ಜಿ ಮಷಿನ್ ನಿಲ್ಲಿಸಿ, ನಾನು ಹೇಳಿದ್ದನ್ನೆಲ್ಲ ಕೇಳಿದರು.

“ಅವ್ವ ಹ್ವಾದ ರಮಜಾನದಾಗ ತೀರ್ಕೊಂಡಳ್ರಿ. ನಾ ಬರದದ್ದು ಬರೇ ಹನ್ನೆರಡು ಹಾಡು. ಆಕಿ ಕಡೆ ಇನ್ನೂ ಭಾಳ ಇದ್ದುವು. ನಿಮ್ಮ ಪತ್ರ ಬಂದಮ್ಯಾಲೆ ನಾ ಕೇಳೂದ ಬಿಟ್ಟೆ. ‘ಇದನ್ನ ಬರಕೊಳ್ಳಂಗಿಲ್ಲೇನೋ ಬೇಟಾ?’ ಅಂತ ಆಕೀನ ಕೇಳ್ತಿದ್ಲು. ಅವು ಯಾರಿಗೂ ಬ್ಯಾಡಂತವ್ವಾ ಅಂದೆ.”

ಎದ್ದು, ಟ್ರಂಕಿನಿಂದ ಆ ಹಾಳೆಗಳನ್ನು ತೆಗೆದುಕೊಟ್ಟರು.

ಈ ಸಲ ಬೇರೊಬ್ಬ ಪರಿಶೀಲಕರು ಬಹಳ ಮೆಚ್ಚಿದರು. ಲೇಖನ ಅಚ್ಚಾಯಿತು, ತಾಯಿಯ ಹೆಸರೂ ಬಂತು. ಪರಿಶೀಲಕರ ಪತ್ರದ ಕೊನೆಯಲ್ಲಿ ಒಂದು ಸೂಚನೆಯಿತ್ತು: ಈ ಹಾಡುಗಾರ್ತಿಯಿಂದ ಇನ್ನಷ್ಟು ಹಾಡುಗಳನ್ನು ಬರೆದುಕೊಳ್ಳಲು ಲೇಖಕರಿಗೆ ತಿಳಿಸಿ. ಅದನ್ನು ಮಾತ್ರ ನಾನು ಅವರಿಗೆ ತಿಳಿಸಲಿಲ್ಲ.