ನಾಕಾದಲ್ಲಿ ಉಳಿದ ಎತ್ತಿನ ಜೋಡಿ

ಗೆಳೆಯರೇ, ಇದನ್ನು ಮೊದಲು ಹೇಳಿದವನು ನಮ್ಮಜ್ಜ. ನಿಜಾಮರ ಕಾಲದಲ್ಲಿ, ನಡೆದ ದಿನವೇ ಸಂಜೆ, ಸಿಂಧನೂರು ಸೀಮೆಯ ನಮ್ಮೂರ ಅಗಸಿಕಟ್ಟೆಯ ಮೇಲೆ.

ಬಿತ್ತನೆಗೆಂದು ಅಜ್ಜ ತುಂಗಭದ್ರೆಯಾಚೆಯ ಬ್ರಿಟಿಷರ ಸೀಮೆಯಲ್ಲಿ ಒಂದು ಎತ್ತು ಕೊಂಡಿದ್ದ. ಆಚೆ ದನಗಳಿಗೆ ದೊಡ್ಡ ರೋಗವಿದ್ದುದರಿಂದ ಈಚೆ ದಡದ ಗಡಿ ತಪಾಸಣೆಯ ನಾಕಾದಲ್ಲಿ, ರೋಗ ಕಾಣಿಸುತ್ತದೋ ನೋಡಲು, ಅದನ್ನು ಹತ್ತು ದಿನ ಕಟ್ಟಿಹಾಕಿದರು. ಒಂಬತ್ತನೆಯ ದಿನ ಅಜ್ಜಿ, ಜೋಡಿ ಹೊಂದುತ್ತದೋ ನೋಡಲೆಂದು ಮನೆಯ ಎತ್ತನ್ನೂ ಅಲ್ಲಿಗೇ ಹೊಡೆದುಕೊಂಡು ಹೋದಳು. ಎರಡೂ ಒಂದೇ ಮೇವಿಗೆ ಬಾಯಿ ಹಾಕಿದವು.

“ಇದನ್ನೂ ಹತ್ತು ದಿನ ಕಟ್ರಿ,” ಎಂದ ದನದ ಡಾಕ್ಟರ ಸಾಹೇಬ.

“ಹೊಲದಾಗ ಹಸಿ ಆರಾಕತ್ತೈತ್ರಿ, ಬಿತ್ತೂದು ಯಾವಾಗ, ಯಪ್ಪಾ!”

“ಕಾನೂನ ಐತವ್ವಾ.”

“ಹಂಗಾರ ನನ್ನೂ ಇಲ್ಲೇ ಕಟ್ರಿ. ಯಾವ ಮುಖ ಇಟಗೊಂಡು ಮನಿಗೆ ಹೋಗ್ಲಿ?”

ಅಜ್ಜ ಇಷ್ಟು ಹೇಳುತ್ತಲೇ ಕಟ್ಟೆಯ ಮೇಲಿದ್ದವರು ಬಿದ್ದು ಬಿದ್ದು ನಕ್ಕರು. ಮರುದಿನ ಬೆಳಿಗ್ಗೆ ಅವರೇ ತಮ್ಮ ಎತ್ತು ಹೂಡಿ ಅಜ್ಜನ ಹೊಲ ಬಿತ್ತಿದರು. ಅಜ್ಜಿಯನ್ನು ಮಾತ್ರ ಎತ್ತುಗಳ ಹತ್ತಿರ ಬಿಡಲಿಲ್ಲ.