ಹರಕೆಯ ಗಡ್ಡ, ಹಸುಗೂಸಿನ ಕೆನ್ನೆ

ನನ್ನ ಮಗಳ ಕೆಂಪೇರಿದ ಕೆನ್ನೆಯನ್ನು ನೋಡಿ ಮುಗಿಸಿದ ಡಾಕ್ಟರಮ್ಮ, ಪಕ್ಕದಲ್ಲಿ ಕೂತಿದ್ದ ನನ್ನಪ್ಪನ ಗಡ್ಡವನ್ನೇ ದಿಟ್ಟಿಸತೊಡಗಿದರು.

ಬಾಣಂತನಕ್ಕೆ ತವರಿಗೆ ಬಂದಿದ್ದ ನಾನು, ಅಪ್ಪ, ಅಮ್ಮ ಮೂವರೂ ಕೂಸನ್ನು ಎತ್ತಿಕೊಂಡು ಸಂತೆಬಾಚಹಳ್ಳಿಯಿಂದ ಕೆ.ಆರ್. ಪೇಟೆಗೆ ಹೋಗಿದ್ದೆವು. ಅಷ್ಟರಲ್ಲಾಗಲೇ ಅಮ್ಮ ಕಡಲೆಹಿಟ್ಟು ಹಚ್ಚುವುದನ್ನು ಬಿಟ್ಟಿದ್ದರು, ನಾನು ಸೋಪು ಬದಲಿಸಿದ್ದೆ, ದೃಷ್ಟಿಯನ್ನೂ ತೆಗೆದಾಗಿತ್ತು. ಕೆಂಪು ಮಾತ್ರ ಹೋಗಿರಲಿಲ್ಲ.

"ಮಗೂನ ಜಾಸ್ತಿ ಮುದ್ದು ಮಾಡೋದು ಯಾರು?" ಎಂದು ಡಾಕ್ಟರಮ್ಮ ಕೇಳಿದರು.

"ಇನ್ಯಾರು, ನಾನೇಯ!" ಅಪ್ಪ ಎದೆಯುಬ್ಬಿಸಿದರು.

"ಹಾಗಾದ್ರೆ ಗಡ್ಡ ತೆಗೆಸಿ ಯಜಮಾನ್ರೇ. ಎಳೇ ಚರ್ಮ, ನಿಮ್ ಗಡ್ಡ ಉಜ್ಜಿ ಉಜ್ಜೀನೇ ಹಿಂಗಾಗಿರೋದು."

ಅಪ್ಪನ ಮುಖ ಇಳಿದುಹೋಯಿತು. "ಅದೆಂಗಾಯ್ತದವ್ವಾ? ಈ ಕೂಸು ಸುಸೂತ್ರವಾಗಿ ಉಟ್ಲಿ ಅಂತ್ಲೇ ದೇವ್ರಿಗೆ ಬುಟ್ಟಿರೋ ಗಡ್ಡ ಇದು. ಇವ್ಳ ಮುಡಿ ಕೊಡೋ ದಿನ್ವೇ ತೆಗ್ಸೋದು."

ಅಮ್ಮ ಸುಮ್ಮನಿರಲಿಲ್ಲ. "ಅಂಗಾರೆ ಅಲ್ಲೀಗಂಟ ಮೊಮ್ಮಗಳಿಗೂ ದೂರದಿಂದ್ಲೇ ಕೈ ಮುಗ್ಕೊಂಡಿರಿ!"

ಡಾಕ್ಟರಮ್ಮ ಜೋರಾಗಿ ನಕ್ಕುಬಿಟ್ಟರು.

ಕೆನ್ನೆ ಈಗ ತಿಳಿಯಾಗಿದೆ. ಅಪ್ಪ ಮಗುವಿನ ಅಂಗಾಲನ್ನಷ್ಟೇ ಹಣೆಗೊತ್ತಿಕೊಂಡು ತೃಪ್ತಿಪಡುತ್ತಾರೆ. ಆದರೆ ಮುಡಿ ಕೊಡುವ ದಿನ ಕತ್ತಿಯ ಮುಂದೆ ಮೊದಲು ಕೂರುವುದು ತಾನೇ ಎಂದು ಈಗಲೇ ಹೇಳಿಟ್ಟಿದ್ದಾರೆ. ಮೊಮ್ಮಗಳು ಅಳುವ ಹೊತ್ತಿಗೆ ತಾತನ ಕೆನ್ನೆ ನುಣ್ಣಗಿರಬೇಕಂತೆ.